ಹಿತ್ತಲ ಶೆಡ್ಡಿಗೆ ಯಾವ ಸಾಮಗ್ರಿ? ಹಗೇವಿನಿಂದ ತಗಡಿನವರೆಗೆ ಒಂದು ಇತಿಹಾಸ

ಪುಣೆಯ ಹಳೆಯ ಮನೆಗಳ ಬಗ್ಗೆ ಮಾತು ತೆಗೆದರೆ ಇಲ್ಲಿಯವರ ಬಾಯಲ್ಲಿ ಕರ್ನಾಟಕದ ಎರಡು ಊರುಗಳ ಹೆಸರು ಬಂದೇ ಬರುತ್ತವೆ. ನೆಲಕ್ಕೆ ‘ಶಹಾಬಾದಿ ಫರಶಿ’, ಸೂರಿಗೆ ‘ಮಂಗಳೂರಿ ಕೌಲ’. ಒಂದು ಕಲಬುರಗಿ ಜಿಲ್ಲೆಯ ಶಹಾಬಾದಿನ ಹಾಸುಗಲ್ಲು, ಇನ್ನೊಂದು ನಮ್ಮ ಮಂಗಳೂರು ಹಂಚು. ನಾವು ಕನ್ನಡಿಗರು ಕೆಲಸ ಹುಡುಕಿಕೊಂಡು ಇಲ್ಲಿಗೆ ಬರುವ ಎಷ್ಟೋ ಮೊದಲೇ ನಮ್ಮ ಕಲ್ಲು, ನಮ್ಮ ಹಂಚು ಬಂದು ಇಲ್ಲಿ ನೆಲೆಸಿದ್ದವು.

ನಾನು ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಕೆಲಸ ಐಟಿಯಲ್ಲಿ. ಕಲ್ಲು, ತಗಡುಗಳ ವಿಷಯದಲ್ಲಿ ನಾನು ವಿದ್ಯಾರ್ಥಿನಿಯೇ. ಆದರೆ ನಮ್ಮ ಸೊಸೈಟಿಯಲ್ಲಿ ಕೆಲವು ಹೆಣ್ಣುಮಕ್ಕಳು ಸೇರಿ ಒಂದು ತೋಟ ಮಾಡಿಕೊಂಡಿದ್ದೇವೆ. ಸಲಿಕೆ, ಕುಡುಗೋಲು, ನೀರಿನ ಪೈಪು, ಗೊಬ್ಬರದ ಚೀಲ, ಬೇವಿನ ಹಿಂಡಿ, ಬೀಜದ ಡಬ್ಬಿ ಇವನ್ನೆಲ್ಲ ಇಡಲು ಎಂಟು ಅಡಿ, ಆರು ಅಡಿಯ ಒಂದು ಶೆಡ್ ಬೇಕಾಯಿತು. ಯಾವುದರಲ್ಲಿ ಕಟ್ಟುವುದು ಎಂಬ ಪ್ರಶ್ನೆ ಬಂದಾಗ ಒಬ್ಬೊಬ್ಬರದು ಒಂದೊಂದು ಮಾತು. ಮರ ಚೆಂದ, ತಗಡು ಅಗ್ಗ, ಪ್ಲಾಸ್ಟಿಕ್ ಹಗುರ, ಸಿಮೆಂಟ್ ಶೀಟ್ ಗಟ್ಟಿ. ಆಗ ನಾನು ಓದಲು ಕುಳಿತೆ. ಓದುತ್ತಾ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಉಗ್ರಾಣದ ಪ್ರತಿಯೊಂದು ಸಾಮಗ್ರಿಯೂ ಯಾವುದೋ ಒಂದು ಶತ್ರುವಿನ ವಿರುದ್ಧ ಬಂದದ್ದು. ಆ ಶತ್ರುವನ್ನು ಸೋಲಿಸಿದ ಮೇಲೆ ಬೇರೆ ಯಾವುದೋ ಶತ್ರುವಿಗೆ ಬಾಗಿಲು ತೆರೆದಿದೆ. ಆದ್ದರಿಂದ ಮೊದಲು ಆರಿಸಬೇಕಾದದ್ದು ಸಾಮಗ್ರಿಯನ್ನಲ್ಲ. ನಮ್ಮ ಶತ್ರು ಯಾರು ಎಂಬುದನ್ನು.

ನೆಲದೊಳಗಿನ ಉಗ್ರಾಣ

ನಮ್ಮ ಬಯಲುಸೀಮೆಯ ಹಿರಿಯರ ಆಯ್ಕೆ ಹಗೇವು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡಿದ ಕುಳಿ. ಸುತ್ತಲೂ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಇದರ ಹಿಂದಿನ ವಿಜ್ಞಾನ ಸರಳ. ಕಾಳೂ ಉಸಿರಾಡುತ್ತದೆ, ಅದರೊಳಗಿನ ಹುಳವೂ ಉಸಿರಾಡುತ್ತದೆ. ಮುಚ್ಚಿದ ಕುಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಹುಳ ಸಾಯುತ್ತದೆ. ಔಷಧಿ ಹೊಡೆಯುವ ಅಗತ್ಯವೇ ಇಲ್ಲ.

ಧಾರವಾಡ ಕಡೆಯವರಾದ ನಮ್ಮ ಅಜ್ಜಿ ಹೇಳುತ್ತಿದ್ದದ್ದು ನೆನಪಿದೆ: “ಹಗೇವು ತೆಗದ ಕೂಡಲೇ ಒಳಗ ಇಳೀಬಾರದವ್ವಾ. ಮೊದಲ ದೀಪಾ ಇಳಿಬಿಟ್ಟು ನೋಡಬೇಕು. ದೀಪ ಆರಿದರ ಮನುಷಾನೂ ಆರತಾನ.” ಹುಳ ಕೊಲ್ಲುವ ಗಾಳಿ ಮನುಷ್ಯರನ್ನೂ ಬಿಡುವುದಿಲ್ಲ ಎಂಬ ತಿಳಿವಳಿಕೆ ಅದು. ಹಗೇವಿಗಿಳಿದು ಉಸಿರುಗಟ್ಟಿ ಸತ್ತವರ ಕಥೆಗಳು ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿವೆ.

ಮರಾಠಿಯಲ್ಲಿ ಇದೇ ಹಗೇವಿಗೆ ‘ಪೇವ’ ಎನ್ನುತ್ತಾರೆ. ಯಾವುದಾದರೂ ಮಿತಿಮೀರಿ ಹೆಚ್ಚಿದರೆ ‘ಪೇವ ಫುಟಲಾ’ ಎನ್ನುವುದನ್ನು ನಾವು ಆಫೀಸಿನಲ್ಲೂ ಕೇಳುತ್ತೇವೆ. ಸಾಂಗ್ಲಿ ಪಕ್ಕದ ಹರಿಪುರದಲ್ಲಿ ಅರಿಸಿನವನ್ನು ಇಂಥ ಪೇವುಗಳಲ್ಲಿಯೇ ದಾಸ್ತಾನು ಮಾಡುತ್ತಿದ್ದರು. 2005ರಲ್ಲಿ ಕೃಷ್ಣೆ ಉಕ್ಕಿ ಬಂದಾಗ ಅನೇಕ ಪೇವುಗಳಿಗೆ ನೀರು ನುಗ್ಗಿ ಹಾಳಾದವು. ಹುಳ, ಇಲಿ, ಬೆಂಕಿ, ಕಳ್ಳ ಎಲ್ಲವನ್ನೂ ಗೆದ್ದ ಹಗೇವು ನೀರಿನ ಎದುರು ಸೋತಿತು.

ಮಳೆ ಹೆಚ್ಚಿರುವ ಕಡೆ ಅದಕ್ಕಾಗಿಯೇ ಉಗ್ರಾಣ ನೆಲದ ಮೇಲೆದ್ದಿತು. ಕರಾವಳಿಯಲ್ಲಿ ಹುಲ್ಲಿನ ಹಗ್ಗ ಸುತ್ತಿ ಕಟ್ಟುವ ಅಕ್ಕಿಮುಡಿ, ಮಲೆನಾಡಿನಲ್ಲಿ ಮರದ ಹಲಗೆಯ ಪಣತ, ಬಯಲಿನಲ್ಲಿ ಬಿದಿರು ಹೆಣೆದು ಸಗಣಿ ಸಾರಿಸಿದ ಕಣಜ. ಮರಾಠಿಯವರೂ ಅಂಥದ್ದೇ ಬುಟ್ಟಿಯನ್ನು ಕಣಗಿ ಎನ್ನುತ್ತಾರೆ. ಸುತ್ತ ಏನು ಸಿಗುತ್ತದೆ, ಎಷ್ಟು ಮಳೆ ಬೀಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಒಂದೊಂದು ಸೀಮೆಯೂ ತನ್ನದೇ ಉತ್ತರ ಕಂಡುಕೊಂಡಿತ್ತು. ಈ ಕಣಜಗಳಿಗೆ ವರ್ಷ ವರ್ಷ ಸಗಣಿ ಬಳಿದು, ಬೇವಿನ ಎಲೆ ಹಾಕಿ, ಬೂದಿ ಬೆರೆಸಿ ಕಾಪಾಡುತ್ತಿದ್ದ ಕೈಗಳು ಹೆಣ್ಣುಮಕ್ಕಳವು ಎಂಬುದನ್ನು ನಮ್ಮ ವೇದಿಕೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಉರಿದ ತೇಗ, ಉಳಿದ ಕಲ್ಲು

ಪುಣೆಗೆ ಬಂದ ನೆಂಟರನ್ನು ನಾವೆಲ್ಲ ಮೊದಲು ಕರೆದುಕೊಂಡು ಹೋಗುವುದು ಶನಿವಾರವಾಡೆಗೆ. ಮೊದಲನೆಯ ಬಾಜೀರಾಯ 1730ರ ಜನವರಿಯಲ್ಲಿ ಅದಕ್ಕೆ ಅಡಿಗಲ್ಲು ಹಾಕಿಸಿದ. 1732ರ ಹೊತ್ತಿಗೆ ವಾಸಕ್ಕೆ ಸಿದ್ಧವಾಯಿತು. ತೇಗ ಬಂದದ್ದು ಜುನ್ನರಿನ ಕಾಡಿನಿಂದ, ಕಲ್ಲು ಚಿಂಚವಡದ ಗಣಿಗಳಿಂದ, ಸುಣ್ಣ ಜೇಜೂರಿಯಿಂದ. ಎಲ್ಲವೂ ಎತ್ತಿನ ಗಾಡಿಗೆ ಎಟಕುವ ದೂರ.

1828ರ ಫೆಬ್ರವರಿ 27ರಂದು ವಾಡೆಗೆ ಬೆಂಕಿ ಬಿತ್ತು. ತೇಗದ ಕಂಬ, ತೊಲೆ, ಕೆತ್ತನೆಯ ಕಮಾನುಗಳೆಲ್ಲ ದಿನಗಟ್ಟಲೆ ಉರಿದು ಹೋದವು. ಇಂದು ನಾವು ನೋಡುವುದು ಕೋಟೆಯ ಗೋಡೆ, ದಿಲ್ಲಿ ದರ್ವಾಜಾ ಮತ್ತು ಕಟ್ಟಡಗಳ ಕಲ್ಲಿನ ಜಗಲಿಗಳನ್ನು. ಕಲ್ಲು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ವಾಡೆ ಉಳಿಯಿತು.

ಹಾಗೆಂದು ಮರ ಕೆಟ್ಟದ್ದಲ್ಲ. ಒಳ್ಳೆಯ ತೇಗದಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿದ್ದು ಗೆದ್ದಲು ಬೇಗ ಹತ್ತುವುದಿಲ್ಲ. ಆದರೆ ಇಂದು ತೋಟದ ಶೆಡ್ಡಿಗೆ ತೇಗ ಕೊಡಿಸುವಷ್ಟು ಶ್ರೀಮಂತರು ನಾವಲ್ಲ. ಅಂಗಡಿಯವರು ಕೊಡುವುದು ಪೈನ್ ಅಥವಾ ಪ್ಲೈವುಡ್. ಪುಣೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಉಬ್ಬಿ, ಮೇ ತಿಂಗಳ ಬಿಸಿಲಿಗೆ ಬಿರಿದು, ನೆಲಕ್ಕೆ ತಾಗಿದ ಕಡೆ ಗೆದ್ದಲಿಗೆ ಊಟವಾಗುವ ಮರ ಅದು. ವರ್ಷಕ್ಕೊಮ್ಮೆ ಎಣ್ಣೆಯನ್ನೋ ಪಾಲಿಷನ್ನೋ ಬಳಿಯುವ ಶ್ರದ್ಧೆ ಇದ್ದವರಿಗೆ ಮಾತ್ರ ಮರ.

ಕಲ್ಲಿನ ವಿಷಯಕ್ಕೆ ಬಂದರೆ ನಮ್ಮ ಶಹಾಬಾದಿಗೆ ಒಂದು ಮಾತು ಮೀಸಲಿಡಲೇಬೇಕು. ಅದು ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಗಣಿಯಲ್ಲಿ ಎಬ್ಬಿಸಿದರೆ ಹಾಸುಗಲ್ಲಾಗಿಯೇ ಬರುತ್ತದೆ, ಹೆಚ್ಚು ಕೆತ್ತುವ ಕೆಲಸವಿಲ್ಲ. ಸೇಡಂ, ಚಿತ್ತಾಪುರದ ಕಡೆ ನೆಲ ಮಾತ್ರವಲ್ಲ, ಮನೆಯ ಮಾಳಿಗೆಗೂ ಇದನ್ನೇ ಹೊದಿಸುತ್ತಾರೆ. ಜಿಐಪಿ ರೈಲ್ವೆಯ ಮುಂಬೈ–ರಾಯಚೂರು ಮಾರ್ಗ 1871ರಲ್ಲಿ ಪೂರ್ತಿಯಾಯಿತು. ಅದೇ ಹಳಿಯ ಮೇಲೆ ಪುಣೆ, ಸೊಲ್ಲಾಪುರ, ಕಲಬುರಗಿ, ಶಹಾಬಾದ್ ಎಲ್ಲವೂ ಇವೆ. ಎತ್ತಿನ ಗಾಡಿಗೆ ದೂರವಾಗಿದ್ದ ಕಲ್ಲು ರೈಲಿಗೆ ಹತ್ತಿರವಾಯಿತು. ಸಾಮಗ್ರಿಯನ್ನು ಆರಿಸುವುದು ಗುಣವೊಂದೇ ಅಲ್ಲ, ದಾರಿಯೂ ಹೌದು.

ಮಂಗಳೂರಿನಿಂದ ಬಂದ ಹಂಚು

ಮೊದಲು ಇಲ್ಲಿಯ ಮನೆಗಳಿಗಿದ್ದದ್ದು ಕುಂಬಾರರು ತಿಗರಿಯಲ್ಲಿ ಮಾಡಿದ ನಾಡಹಂಚು. ಅರ್ಧ ಕೊಳವೆಯಾಕಾರದ ಚಿಕ್ಕ ಹಂಚುಗಳನ್ನು ಒಂದರ ಮೇಲೊಂದು ಎರಡು ಪದರ ಹೊದಿಸಬೇಕು. ಕೋತಿ ಓಡಿದರೆ, ಬೆಕ್ಕು ಜಿಗಿದರೆ ಸರಿಯುತ್ತವೆ. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಹಂಚು ಕೈಯಾಡಿಸಬೇಕು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅಲ್ಲಿ ಮುದ್ರಣ, ನೇಯ್ಗೆ ಮುಂತಾದ ಕೆಲಸಗಳನ್ನು ಆರಂಭಿಸಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅವರ ಮುದ್ರಣಾಲಯದಿಂದಲೇ ಹೊರಬಂದದ್ದು. ಆ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ಅಚ್ಚಿನಲ್ಲಿ ಒತ್ತಿದ ಚಪ್ಪಟೆ ಹಂಚು, ಅಂಚಿಗೆ ಅಂಚು ಸಿಕ್ಕಿಕೊಳ್ಳುವ ತೋಡು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಸಾಕು, ಒಂದೇ ಪದರ ಸಾಕು. ಭಾರ ಕಡಿಮೆ, ಅದನ್ನು ಹೊರುವ ಮರವೂ ಕಡಿಮೆ. ಈ ಕಾರ್ಖಾನೆಗಳಲ್ಲಿ ಮಣ್ಣು ಹೊತ್ತು, ಹಂಚು ಸಾಗಿಸಿ ದುಡಿದವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲು ಹಂಚು ಹಡಗು ಹತ್ತಿ ಕಡಲ ದಾರಿಯಲ್ಲಿ ಮುಂಬೈ ಕಡೆಗೆ ಹೋಗುತ್ತಿತ್ತು.

ಹಂಚಿನ ದೊಡ್ಡ ಗುಣ ತಂಪು. ಬಿಸಿಲಿಗೆ ತಗಡಿನಷ್ಟು ಕಾಯುವುದಿಲ್ಲ, ಸಂದಿಗಳಲ್ಲಿ ಗಾಳಿಯಾಡುತ್ತದೆ. ಬೀಜ, ಬೇವಿನ ಹಿಂಡಿ ಇಡುವವರಿಗೆ ಇದು ಮುಖ್ಯ. ಆದರೆ ಒಳ್ಳೆಯ ಇಳಿಜಾರು ಬೇಕು, ಕೆಳಗೆ ಗಟ್ಟಿ ಪಟ್ಟಿ ಬೇಕು, ಮೇಲಿಂದ ತೆಂಗಿನಕಾಯಿ ಬೀಳಬಾರದು!

ಇಲಿ ಬರೆಸಿದ ನಿಯಮಗಳು

1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು 1897ರ ಹೊತ್ತಿಗೆ ಪುಣೆಯ ಪೇಟೆಗಳನ್ನು ಹಿಂಡಿತು. ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದ್ದು, ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದ್ದು ನಮಗೆ ಗೊತ್ತಿರುವ ಇತಿಹಾಸ. ಅದೇ ವರ್ಷ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಮಗ ಯಶವಂತ ಹಡಪ್ಸರ್ ಸಮೀಪ ತೆರೆದಿದ್ದ ಆರೈಕೆ ಕೇಂದ್ರದಲ್ಲಿ ರೋಗಿಗಳ ಸೇವೆ ಮಾಡುತ್ತಾ ಅವರಿಗೂ ಸೋಂಕು ತಗುಲಿತ್ತು.

ಆಗ ರೋಗ ಹೇಗೆ ಹರಡುತ್ತದೆಂದೇ ತಿಳಿದಿರಲಿಲ್ಲ. 1898ರಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ದಾಟುತ್ತದೆ ಎಂದು ತೋರಿಸಿದ. ಎಲ್ಲರೂ ಒಪ್ಪಲು ಇನ್ನೂ ಕೆಲವು ವರ್ಷಗಳೇ ಹಿಡಿದವು. ಒಪ್ಪಿದ ಮೇಲೆ ಕಟ್ಟಡವನ್ನು ನೋಡುವ ಕಣ್ಣೇ ಬದಲಾಯಿತು. ಮಣ್ಣಿನ ಗೋಡೆಯ ಬಿಲ, ನಾಡಹಂಚಿನ ಎರಡು ಪದರಗಳ ನಡುವಿನ ಸಂದಿ, ಮನೆಯೊಳಗೇ ಇಟ್ಟ ಕಾಳಿನ ಚೀಲ ಇವೆಲ್ಲ ಇಲಿಯ ಮನೆಗಳು ಎಂದು ಅರಿವಾಯಿತು. ಉಗ್ರಾಣದ ನೆಲ ಎತ್ತರವಿರಬೇಕು, ಗಟ್ಟಿ ಇರಬೇಕು, ಕಿಂಡಿಗಳಿಗೆ ಜಾಲರಿ ಇರಬೇಕು ಎಂಬ ಮಾತುಗಳು ಮುಂದೆ ನಿಯಮಗಳಾದವು. 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿಗಳು ಅಗಲ ರಸ್ತೆಯ ಬಡಾವಣೆಗಳಾಗಿ ಬೆಳೆದದ್ದು ಆ ಭಯದ ನಂತರವೇ.

ನಮ್ಮ ಪುಟ್ಟ ಶೆಡ್ಡಿಗೂ ಇದೇ ಪಾಠ. ಮಳೆಯಾದ ಮೇಲೆ ಇಲಿಯಿಂದ ಬರುವ ಲೆಪ್ಟೋಸ್ಪೈರೋಸಿಸ್ ಇಂದಿಗೂ ನಮ್ಮ ಸುತ್ತಲೇ ಇದೆ. ಗೋಡೆ ಯಾವುದರದ್ದೇ ಇರಲಿ, ನೆಲ ಕಲ್ಲಿನದೋ ಕಾಂಕ್ರೀಟಿನದೋ ಆಗಿರಬೇಕು. ಗಾಳಿಯ ಕಿಂಡಿಗೆ ಕಾಲು ಇಂಚಿನ ಕಬ್ಬಿಣದ ಜಾಲರಿ ಬೇಕು. ಪ್ಲಾಸ್ಟಿಕ್ ಜಾಲರಿಯನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ.

ಮಡಿಕೆ ಬಿದ್ದ ತಗಡು

ಈಗ ನಾವು ‘ಪತ್ರಾ’ ಎಂದು ಕರೆಯುವ ಅಲೆಅಲೆಯ ತಗಡಿನ ಕಥೆ. ಲಂಡನ್ ಬಂದರಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆ ತಗಡಿನಿಂದ ಬಂದರಿನಲ್ಲಿ ಕಟ್ಟಿದ ಮೊದಲ ಕಟ್ಟಡಗಳಲ್ಲೊಂದು ಟರ್ಪೆಂಟೈನ್ ಎಣ್ಣೆಯ ದಾಸ್ತಾನು ಶೆಡ್. ಅಂದರೆ ಈ ತಗಡು ಹುಟ್ಟಿನಿಂದಲೇ ಶೆಡ್ಡಿನ ತಗಡು! ಬೆಂಕಿಗೆ ಸುಲಭವಾಗಿ ಹೊತ್ತಿಕೊಳ್ಳುವ ಸಾಮಾನನ್ನು ಮರದ ಸೂರಿನ ಕೆಳಗೆ ಇಡುವುದು ಅಪಾಯ ಎಂಬುದು ನಮಗೂ ಅರ್ಥವಾಗುವ ಮಾತು.

ಅದರ ಗುಟ್ಟು ಮಡಿಕೆಯಲ್ಲಿದೆ. ಮಕ್ಕಳಿಗೆ ತೋರಿಸಿ: ಒಂದು ಹಾಳೆಯನ್ನು ಎರಡು ಡಬ್ಬಿಗಳ ಮೇಲೆ ಸೇತುವೆಯಂತೆ ಇಟ್ಟರೆ ಪೆನ್ಸಿಲ್ ಇಟ್ಟರೂ ಬಾಗುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಚಿ ಇಟ್ಟರೆ ಮೊಬೈಲನ್ನೂ ಹೊರುತ್ತದೆ. ತೂಕ ಹೆಚ್ಚಿಸದೆ ಬಲ ಹೆಚ್ಚಿಸುವ ಉಪಾಯ ಇದು.

ಉಳಿದ ಶತ್ರು ತುಕ್ಕು. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಸತು ಕಬ್ಬಿಣಕ್ಕಿಂತ ಮೊದಲು ತಾನು ಸವೆಯುತ್ತದೆ. ಸಣ್ಣ ಗೀರು ಬಿದ್ದರೂ ಪಕ್ಕದ ಸತು ಸವೆದು ಕಬ್ಬಿಣವನ್ನು ಕಾಯುತ್ತದೆ. ಇದೇ ಸತುವನ್ನು ರಾಜಸ್ಥಾನದ ಜಾವರ್‌ನಲ್ಲಿ ನಮ್ಮವರು ಶತಮಾನಗಳ ಮೊದಲೇ ಮಣ್ಣಿನ ಮೂಸೆಗಳಲ್ಲಿ ಭಟ್ಟಿ ಇಳಿಸುತ್ತಿದ್ದರು ಎಂಬುದು ಹೆಮ್ಮೆಯ ಸಂಗತಿ. 1972ರಲ್ಲಿ ಅಮೆರಿಕದಲ್ಲಿ ಅಲ್ಯೂಮಿನಿಯಂ ಮತ್ತು ಸತು ಬೆರೆಸಿದ ಲೇಪನ ಮಾರುಕಟ್ಟೆಗೆ ಬಂತು. ಈಗ ಅಂಗಡಿಯಲ್ಲಿ ಸಿಗುವ ಬಣ್ಣದ ತಗಡುಗಳಲ್ಲಿ ಅನೇಕವಕ್ಕೆ ಬಣ್ಣದ ಕೆಳಗೆ ಇರುವುದು ಈ ಲೇಪನವೇ.

ಹೊಸ ಸಾಮಗ್ರಿಯ ಬಗ್ಗೆ ಭಯ ಸಹಜ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವಾಗುತ್ತದೆ ಎಂದು ರೈತರು ಹಿಂದೇಟು ಹಾಕಿದ್ದರಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಕಾಯಬೇಕಾಯಿತು ಎನ್ನುತ್ತಾರೆ. 1910ರಲ್ಲಿ ಅವರು ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಪುಣೆಯ ಖಡಕಿಯಲ್ಲಿ ಆಯಿಲ್ ಎಂಜಿನ್ ಕಂಪನಿ ಶುರುವಾಯಿತು. ಆ ರೈತರ ಭಯ ಸುಳ್ಳಾಯಿತು. ಮುಂದೆ ಹೇಳುವ ಸಾಮಗ್ರಿಯ ವಿಷಯದಲ್ಲಿ ಮಾತ್ರ ಯಾರೂ ಭಯಪಡಲಿಲ್ಲ, ಭಯ ನಿಜವಾಗಿತ್ತು. ಆದ್ದರಿಂದ ಭಯವನ್ನೂ ಪರೀಕ್ಷಿಸಬೇಕು, ಧೈರ್ಯವನ್ನೂ ಪರೀಕ್ಷಿಸಬೇಕು.

ಅದಕ್ಕೆ ಮೊದಲು ಪಾನ್‌ಶೇತ್ ನೆನೆಯೋಣ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು, ಆ ನೀರಿನ ರಭಸಕ್ಕೆ ಖಡಕ್‌ವಾಸಲಾ ಅಣೆಕಟ್ಟೂ ಒಡೆಯಿತು. ಮುಠಾ ನದಿಯ ದಂಡೆಯ ಪೇಟೆಗಳಲ್ಲಿ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದ ಹಳೆಯ ವಾಡೆಗಳು ನೆನೆದು ಕುಸಿದವು. ಮನೆ ಕಳೆದುಕೊಂಡವರಿಗೆ ಆಮೇಲೆ ಕಟ್ಟಿಕೊಟ್ಟ ವಸತಿಗಳಲ್ಲಿ ನಿಸೆನ್ ಹಟ್ ಎಂಬ ಅರ್ಧ ಕೊಳವೆಯಾಕಾರದ ಮನೆಗಳೂ ಇದ್ದವು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಪೀಟರ್ ನಿಸೆನ್ ಎಂಬ ಸೇನಾ ಎಂಜಿನಿಯರ್ ಸೈನಿಕರಿಗಾಗಿ ರೂಪಿಸಿದ ಅಲೆತಗಡಿನ ಮನೆಯ ನಮೂನೆ ಅದು. ಬೇಗ ನಿಲ್ಲಿಸಬಹುದು, ಬೇಗ ಬಿಚ್ಚಬಹುದು ಎಂಬುದೇ ಅದರ ಗುಣ. ತೋಟದ ಶೆಡ್ಡಿನಲ್ಲಿ ನಮಗೆ ಬೇಕಾದದ್ದೂ ಅದೇ ಅಲ್ಲವೇ?

ಪುಕ್ಕಟೆ ಸಿಕ್ಕ ಶೀಟುಗಳು

ನಮ್ಮ ಸೊಸೈಟಿಯಲ್ಲಿ ಹಳೆಯ ಪಾರ್ಕಿಂಗ್ ಚಾವಣಿ ತೆಗೆಸುತ್ತಿದ್ದರು. ಬೂದು ಬಣ್ಣದ ಸಿಮೆಂಟ್ ಶೀಟುಗಳು. “ಪುಕ್ಕಟೆ ಕೊಡುತ್ತೇವೆ, ನಿಮ್ಮ ತೋಟಕ್ಕೆ ಹಾಕಿಕೊಳ್ಳಿ” ಎಂದರು. ನಮ್ಮಲ್ಲಿ ಹೆಚ್ಚಿನವರಿಗೆ ಖುಷಿಯೋ ಖುಷಿ. ಶೀಟುಗಳು ಆಸ್ಬೆಸ್ಟಾಸ್‌ನವು ಎಂದು ಗೊತ್ತಾದ ಮೇಲೆ ಚರ್ಚೆ ಶುರುವಾಯಿತು.

ಆಸ್ಬೆಸ್ಟಾಸ್ ಒಂದು ಖನಿಜದ ನಾರು. ಉರಿಯುವುದಿಲ್ಲ, ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಷೆಕ್ 1901ರಲ್ಲಿ ಈ ನಾರನ್ನು ಸಿಮೆಂಟಿನಲ್ಲಿ ಬೆರೆಸಿ ತೆಳು ಹಾಳೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೆಂಕಿ, ಗೆದ್ದಲು, ತುಕ್ಕು ಮೂರನ್ನೂ ಗೆದ್ದ ಅಗ್ಗದ ಸಾಮಗ್ರಿ. ಭಾರತದಲ್ಲಿ ಶಾಲೆ, ಗೋದಾಮು, ಕಾರ್ಮಿಕರ ಮನೆ ಎಲ್ಲದರ ಮೇಲೂ ಅದು ಏರಿತು.

ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳು ಆಸ್ಬೆಸ್ಟಾಸ್ ನೂಲುವ ಗಿರಣಿಯಲ್ಲಿ ದುಡಿಯುತ್ತಿದ್ದಳು. 1924ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಾಗ ಅವಳಿಗೆ 33 ವರ್ಷ. ಅವಳ ಶ್ವಾಸಕೋಶದಲ್ಲಿ ಖನಿಜದ ಕಣಗಳನ್ನು ಕಂಡು ಡಾ. ಕುಕ್ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮುಂದೆ ಆ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರು ಬಂತು. ಕಂಪನಿ ಅವಳಿಗೆ ಪರಿಹಾರ ಕೊಡಲಿಲ್ಲ.

1965ರಲ್ಲಿ ಲಂಡನ್ನಿನ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಮೆಸೋಥೆಲಿಯೋಮಾ ಎಂಬ ಕ್ಯಾನ್ಸರಿನ 76 ರೋಗಿಗಳ ಪೂರ್ವವೃತ್ತಾಂತ ಹುಡುಕಿದರು. ಅವರಲ್ಲಿ ಕೆಲವರು ಕಾರ್ಖಾನೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಕೆಲಸದಿಂದ ಬಂದ ಗಂಡನ ಧೂಳು ಹಿಡಿದ ಬಟ್ಟೆ ಒಗೆದ ಹೆಂಡತಿಯರು ಅದರಲ್ಲಿದ್ದರು. ಇದನ್ನು ಓದಿದ ಮೇಲೆ ಆ ಬೂದು ಶೀಟು ನನಗೆ ಬರೀ ಶೀಟಾಗಿ ಕಾಣಲಿಲ್ಲ.

ನಮ್ಮ ದೇಶದಲ್ಲಿ 1995ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯದ ಹಕ್ಕನ್ನು ಬದುಕುವ ಹಕ್ಕಿನ ಭಾಗವೆಂದು ಹೇಳಿ, ಅವರ ಆರೋಗ್ಯದ ದಾಖಲೆಯನ್ನು 40 ವರ್ಷದವರೆಗೆ ಕಾಪಾಡಬೇಕೆಂದಿತು. ಅಷ್ಟು ದೀರ್ಘ ಕಾಲ ಏಕೆಂದರೆ ಧೂಳು ಒಳಹೊಕ್ಕು ರೋಗ ಕಾಣಿಸಿಕೊಳ್ಳಲು ದಶಕಗಳೇ ಬೇಕು. ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಬ್ರಿಟನ್ 1999ರಲ್ಲಿ, ಯೂರೋಪಿಯನ್ ಒಕ್ಕೂಟ 2005ರಲ್ಲಿ ನಿಷೇಧಿಸಿದವು. ಭಾರತದಲ್ಲಿ ಆಮದಿನ ನಾರಿನಿಂದ ಶೀಟು ತಯಾರಿ ಮುಂದುವರಿದೇ ಬಂದಿದೆ.

“ಇಷ್ಟು ವರ್ಷ ನಮ್ಮ ಕಾರುಗಳ ಮೇಲೇ ಇತ್ತಲ್ಲ ಅಕ್ಕ, ಯಾರಿಗೆ ಏನಾಯಿತು?” ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮುರಿಯದೆ ಸುಮ್ಮನೆ ಸೂರಿನ ಮೇಲಿರುವ ಶೀಟಿನಿಂದ ಅಪಾಯ ಕಡಿಮೆ. ಅಪಾಯ ಇರುವುದು ಕತ್ತರಿಸುವಾಗ, ತೂತು ಕೊರೆಯುವಾಗ, ಒಡೆಯುವಾಗ ಏಳುವ ಧೂಳಿನಲ್ಲಿ. ನಮ್ಮ ಎಂಟಡಿ ಶೆಡ್ಡಿಗೆ ಆ ಶೀಟು ಕೂರಿಸಬೇಕಾದರೆ ಕತ್ತರಿಸಲೇಬೇಕು. ಕತ್ತರಿಸುವವನು ಫ್ಯಾಬ್ರಿಕೇಟರ್ ಬಳಿ ಕೆಲಸಕ್ಕಿರುವ ಇಪ್ಪತ್ತರ ಹುಡುಗ, ಮೂಗಿಗೆ ಕರ್ಚೀಫು ಕಟ್ಟಿಕೊಂಡು. ಅವನ ಅಂಗಿ ಒಗೆಯುವವಳು ಅವನ ಅಮ್ಮನೋ ಹೆಂಡತಿಯೋ. ನಮಗೆ ಉಳಿಯುವ ಕೆಲವು ಸಾವಿರ ರೂಪಾಯಿಯ ಬೆಲೆ ಅವರು ಕಟ್ಟಬೇಕಾಗುತ್ತಿತ್ತು.

ಕೊನೆಗೆ ಬೇಡವೆಂದೆವು. ಶೀಟುಗಳನ್ನು ಒಡೆಯದೆ, ನೀರು ಹಾಕಿ ಒದ್ದೆ ಮಾಡಿ ಇಳಿಸಬೇಕು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು, ಅಪಾಯಕಾರಿ ತ್ಯಾಜ್ಯಕ್ಕೆ ಪರವಾನಗಿ ಇರುವವರಿಗೇ ಒಪ್ಪಿಸಬೇಕು ಎಂದು ಸೊಸೈಟಿಯ ಸಭೆಯಲ್ಲಿ ಪಟ್ಟು ಹಿಡಿದೆವು. ಖರ್ಚು ಹೆಚ್ಚಾಯಿತು. ಒಬ್ಬ ಸದಸ್ಯೆ ಬೇಸರಗೊಂಡು ಎರಡು ತಿಂಗಳು ನಮ್ಮೊಡನೆ ಮಾತು ಬಿಟ್ಟರು. ಆ ಮಳೆಗಾಲವಿಡೀ ನಮ್ಮ ಸಲಿಕೆ, ಬುಟ್ಟಿಗಳು ಮೆಟ್ಟಿಲ ಕೆಳಗೇ ಕುಳಿತವು. ಆದರೂ ಆ ನಿರ್ಧಾರ ಸರಿ ಎಂದೇ ನಾನು ಇಂದಿಗೂ ನಂಬಿದ್ದೇನೆ.

ಪ್ಲಾಸ್ಟಿಕ್ಕಿನ ಬಗ್ಗೆ ಎರಡು ಮಾತು

ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಅನಿರೀಕ್ಷಿತವಾಗಿ ಸಿಕ್ಕ ವಸ್ತು. ಈಗ ಅದರ ಗಟ್ಟಿ ರೂಪಗಳಲ್ಲಿ ಜೋಡಿಸುವ ಶೆಡ್ಡುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ತುಕ್ಕು, ಗೆದ್ದಲು, ಗೊಬ್ಬರದ ಉಪ್ಪು ಯಾವುದಕ್ಕೂ ಜಗ್ಗುವುದಿಲ್ಲ. ಇಬ್ಬರು ಹೆಂಗಸರೇ ಜೋಡಿಸಬಹುದು. ಅದರ ಶತ್ರು ಬಿಸಿಲು. ನೇರಳಾತೀತ ಕಿರಣ ತಡೆಯುವ ಮಿಶ್ರಣ ಇಲ್ಲದ ಪ್ಲಾಸ್ಟಿಕ್ ನಮ್ಮ ಕೆಲವೇ ಬೇಸಿಗೆಗಳಲ್ಲಿ ಬೆಳ್ಳಗಾಗಿ ಬಿರಿಯುತ್ತದೆ. ಟೆರೇಸಿನ ಮೇಲೆ ಗಾಳಿಗೆ ಹಾರದಂತೆ ಬಿಗಿಯಬೇಕು. ನೆರಳಿರುವ ಸಣ್ಣ ಬಾಲ್ಕನಿಗೆ ಒಳ್ಳೆಯ ಪೆಟ್ಟಿಗೆ, ತೆರೆದ ಬಿಸಿಲಿಗೆ ಅಷ್ಟಕ್ಕಷ್ಟೇ.

ಹಾಗಾದರೆ ಪುಣೆಯಲ್ಲಿ ಯಾವುದು?

ಪುಣೆಯ ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ., ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಗೆದ್ದಲು, ಇಲಿ ಎರಡೂ ಉಂಟು. ಇವು ನಮ್ಮ ಶತ್ರುಗಳು. ಒಂದೇ ಸಾಮಗ್ರಿ ಇವೆಲ್ಲವನ್ನೂ ಗೆಲ್ಲುವುದಿಲ್ಲ. ಹಳೆಯ ಮನೆಗಳಂತೆ ಕೆಳಗೊಂದು, ಮೇಲೊಂದು ಎಂದು ಹಂಚಿಕೊಡುವುದೇ ಜಾಣತನ.

ನಾವು ಮಾಡಿಕೊಂಡದ್ದು ಹೀಗೆ. ನೆಲಮಟ್ಟದಿಂದ ಒಂದಡಿ ಎತ್ತರದ ಇಟ್ಟಿಗೆ ಕಟ್ಟೆ, ಅದರ ಮೇಲೆ ಶಹಾಬಾದಿ ಹಾಸು. ನೀರು ನಿಲ್ಲುವುದಿಲ್ಲ, ಇಲಿ ತೋಡುವುದಿಲ್ಲ, ಗೆದ್ದಲಿಗೆ ದಾರಿಯಿಲ್ಲ. ಅದು ಸುಣ್ಣದ ಕಲ್ಲಾದ್ದರಿಂದ ಆ್ಯಸಿಡ್ ಹಾಕಿ ತೊಳೆಯಬಾರದು. ಅಡುಗೆಮನೆಯಲ್ಲಿ ನಿಂಬೆರಸ ಬಿದ್ದ ಕಲೆಯನ್ನು ನೆನೆಸಿಕೊಂಡರೆ ಸಾಕು. ಚೌಕಟ್ಟು ಬಣ್ಣ ಬಳಿದ ಕಬ್ಬಿಣದ ಪೈಪು. ಗೋಡೆಗೂ ಸೂರಿಗೂ ಅರ್ಧ ಮಿಲಿಮೀಟರ್ ದಪ್ಪದ, ತಿಳಿ ಬಣ್ಣದ ಲೇಪಿತ ತಗಡು. ಗಾಢ ಬಣ್ಣಕ್ಕಿಂತ ತಿಳಿ ಬಣ್ಣ ಕಡಿಮೆ ಕಾಯುತ್ತದೆ. ಸೂರಿನ ತಿರುಪು ಅಲೆಯ ಮೇಲ್ತುದಿಯಲ್ಲಿ, ರಬ್ಬರ್ ವಾಷರ್ ಜೊತೆ. ತಗ್ಗಿನಲ್ಲಿ ಹಾಕಿದರೆ ಅಲ್ಲೇ ನೀರು ಸೋರುತ್ತದೆ. ಎದುರುಬದುರು ಎರಡು ಕಿಂಡಿ, ಜಾಲರಿಯೊಂದಿಗೆ.

ತಗಡಿಗೆ ತೋಟದಲ್ಲಿ ಒಬ್ಬ ಗುಪ್ತ ಶತ್ರು ಇದ್ದಾನೆ. ರಾಸಾಯನಿಕ ಗೊಬ್ಬರದ ಉಪ್ಪು ಮತ್ತು ಕಾಂಪೋಸ್ಟಿನಿಂದ ಏಳುವ ಅಮೋನಿಯಾ ಲೇಪನವನ್ನು ತಿನ್ನುತ್ತವೆ. ಅದಕ್ಕೇ ಗೊಬ್ಬರದ ಚೀಲ ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ ಇಡುತ್ತೇವೆ. ಕಾಂಪೋಸ್ಟ್ ಡ್ರಮ್ಮು ಶೆಡ್ಡಿನ ಹೊರಗೇ. ಬೀಜ ಹೆಚ್ಚು ಇಡುವವರಾದರೆ ಸೂರಿಗೆ ತಗಡಿನ ಬದಲು ಮಂಗಳೂರು ಹಂಚೇ ಮೇಲು. ಹಳೆಯ ಮನೆ ಕೆಡವಿದವರಿಂದ ಒಳ್ಳೆಯ ಹಂಚು ಕಡಿಮೆ ಬೆಲೆಗೆ ಸಿಗುತ್ತದೆ. ಸಿಮೆಂಟ್ ಶೀಟೇ ಬೇಕೆನ್ನುವವರು ಆಸ್ಬೆಸ್ಟಾಸ್ ರಹಿತ ಎಂದು ಬರೆದ ಬಿಲ್ಲು ಕೇಳಿ ಪಡೆಯಲಿ. ಬಾಯಿಮಾತು ಸಾಲದು.

ಕೊನೆಯದಾಗಿ ಒಂದು ಮಾತು. ಅಂಗಡಿಯವರು ಬಾಳಿಕೆ ಹೇಳುತ್ತಾರೆ, ಬೆಲೆ ಹೇಳುತ್ತಾರೆ. ಇದನ್ನು ಮಾಡಿದವರ, ಕತ್ತರಿಸಿದವರ, ನಾಳೆ ಬಿಚ್ಚುವವರ ಉಸಿರಿಗೆ ಏನಾಗುತ್ತದೆ ಎಂದು ಕೇಳುವ ರೂಢಿ ನಮಗಿನ್ನೂ ಬಂದಿಲ್ಲ. ಹಗೇವಿಗಿಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದ ಹಿರಿಯರ ಮೊಮ್ಮಕ್ಕಳು ನಾವು. ನಮ್ಮ ವೇದಿಕೆಯ ಸದಸ್ಯೆಯರಲ್ಲಿ ಯಾರಾದರೂ ಈ ಮಳೆಗಾಲಕ್ಕೆ ಮುಂಚೆ ಶೆಡ್ ಕಟ್ಟಿಸುವವರಿದ್ದರೆ ಬೆಲೆ ಕೇಳುವಾಗಲೇ ಈ ಪ್ರಶ್ನೆಯನ್ನೂ ಕೇಳಿ. ಎಲ್ಲರ ಹಿತ್ತಲೂ ಹಸಿರಾಗಿರಲಿ.